ಚೋಕ್ ನಾಬ್ ಬರಲಿ

ಹಳೇ ಕಾರಿನ ಹುಚ್ಚು ಹತ್ತಿದವರಿಗೆ ಬುದ್ಧಿ ಹೇಳಲು ಹೋಗಬಾರದು. ಹೇಳಿದವರ ಬಾಯಿ ನೋಯುತ್ತದೆಯೇ ಹೊರತು ಅವರ ಕೈಯಲ್ಲಿನ ಸ್ಪ್ಯಾನರ್ ಕೆಳಗಿಳಿಯುವುದಿಲ್ಲ. ಕನ್ನಡಕದಂಗಡಿಯ ಯಜಮಾನನೂ ಅದೇ ಪೈಕಿ. ಅವನ ಬಳಿ ಒಂದು ಎಂ.ಜಿ. ಇತ್ತು. ಇಂಗ್ಲೆಂಡಿನಲ್ಲಿ ತಯಾರಾದ, ತಂತಿ ಚಕ್ರದ, ಹಸಿರು ಬಣ್ಣದ ಸ್ಪೋರ್ಟ್ಸ್ ಕಾರು. ಮದುವೆಯಾದ ಹೊಸದರಲ್ಲಿ ಕೊಂಡದ್ದು. ಎರಡೇ ಸೀಟಿದ್ದರೆ ನೆಂಟರಿಷ್ಟರನ್ನು ಹತ್ತಿಸಿಕೊಳ್ಳುವ ತಾಪತ್ರಯವಿಲ್ಲ ಎಂದು ಹೆಂಡತಿಯೇ ಆರಿಸಿದ್ದಳು.

ಆಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಆ ಕಡೆಯವರು "ಹಲೋ" ಅಂದರೆ ಸಾಕು, ಅವರಿಗೆ ಬಂದಿರುವುದು ನೆಗಡಿಯೋ ಸಿಟ್ಟೋ ಹೇಳಿಬಿಡುತ್ತಿದ್ದಳು. ಆ ಕಿವಿ ಕಾರಿಗೂ ಬೇಕಿತ್ತು. ಆ ಎಂಜಿನ್ನಿಗೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಎರಡು. ಎರಡೂ ಸಮನಾಗಿ ಗಾಳಿ ಎಳೆದುಕೊಂಡರಷ್ಟೇ ಕಾರು ನೆಟ್ಟಗೆ ಓಡುತ್ತದೆ, ಇಲ್ಲದಿದ್ದರೆ ಕುಂಟುತ್ತದೆ. ಭಾನುವಾರ ಬೆಳಿಗ್ಗೆ ಆಕೆ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟುಕೊಂಡು, ಇನ್ನೊಂದನ್ನು ಒಮ್ಮೆ ಮುಂದಿನದಕ್ಕೆ, ಒಮ್ಮೆ ಹಿಂದಿನದಕ್ಕೆ ಹಿಡಿದು ಗಾಳಿಯ ಸದ್ದು ಕೇಳುವಳು. ಅವನು ಸ್ಕ್ರೂ ತಿರುಗಿಸುವನು.

"ಹಿಂದಿನದು ಜಾಸ್ತಿ ಎಳೀತಿದೆ ರೀ. ಇನ್ನೊಂಚೂರು... ಅಯ್ಯೋ, ಅಷ್ಟಲ್ಲ! ಹಾಂ, ಸಾಕು!"

ಆ "ಸಾಕು" ಬಿದ್ದದ್ದೇ ತಡ, ಇಬ್ಬರೂ ಕೈ ಕೂಡ ತೊಳೆಯದೆ ಸುತ್ತಾಡಲು ಹೊರಟುಬಿಡುವರು.

ಆಮೇಲೆ ತುಕ್ಕು ಹಿಡಿಯಿತು. ಒಂದು ದಿನ ಆಕೆಯ ಚಪ್ಪಲಿಯ ಹಿಮ್ಮಡಿ ಕಾರಿನ ನೆಲದ ತಗಡನ್ನೇ ತೂರಿಕೊಂಡು ಹೋಯಿತು. ಅವತ್ತೇ ಅವನು ಕಾರನ್ನು ಪೂರ್ತಿ ಬಿಚ್ಚಿ ಹಾಕಿದ. ಬಿಚ್ಚುವುದೇನು ಮಹಾ, ಬಿಡಿ. ಜೋಡಿಸುವಷ್ಟರಲ್ಲಿ ಅವನ ತಲೆಗೂದಲು ಅರ್ಧ ಉದುರಿತ್ತು. ಪಕ್ಕದ ಬೀದಿಯ ವೆಲ್ಡರ್ ಬಂದು ತಗಡು ಬೆಸೆದುಕೊಟ್ಟ. ಎಂಜಿನ್ ಕೂತಿತು, ಬಣ್ಣ ಏರಿತು, ಸೀಟಿಗೆ ಹೊಸ ಚರ್ಮ ಬಂತು. ಉಳಿದದ್ದು, ತಣ್ಣಗಿನ ಎಂಜಿನ್ ಹತ್ತಿಸುವಾಗ ಚೋಕ್ ಎಳೆಯುವ ನಾಬ್ ಒಂದೇ. ಅಂಗಿಯ ಗುಂಡಿಗಿಂತ ತುಸು ದೊಡ್ಡದು. ಹಳೆಯದು ಬಿಚ್ಚುವಾಗ ಅವನ ಕೈಯಲ್ಲೇ ಒಡೆದಿತ್ತು.

"ಯಾವ್ದಾದ್ರೂ ಒಂದು ಹಾಕಿ ಯಜಮಾನ್ರೇ, ಯಾರು ನೋಡ್ತಾರೆ?" ಎಂದ ವೆಲ್ಡರ್.

"ನಾನು ನೋಡ್ತೀನಲ್ಲ! ಅದೇ ವರ್ಷದ್ದು, ಅದೇ ಅಕ್ಷರ ಇರೋದು ಬರ್ಬೇಕು. ಅದು ಬರೋವರೆಗೂ ಕೀಲಿ ತಿರುಗಿಸೋ ಮಾತೇ ಇಲ್ಲ."

ನೋಡಿ, ಎಂಥ ಪಟ್ಟು! ಬೇರೆ ಯಾರಾದರೂ ಇಂಥ ತಪ್ಪು ಮಾಡುತ್ತಾರೆಯೇ? ಓಡುವ ಎಂಜಿನ್ನನ್ನು ಒಂದು ಗುಂಡಿಗಾಗಿ ಮೂಕವಾಗಿ ಕೂರಿಸಿದ.

ಹೆಂಡತಿ ಗ್ಯಾರೇಜಿನ ಬಾಗಿಲಲ್ಲಿ ನಿಂತು ಕೇಳಿದ್ದಳು. "ಒಂದ್ಸಲ ಸ್ಟಾರ್ಟ್ ಮಾಡ್ರೀ. ನಂಗೆ ಆ ಸದ್ದು ಕೇಳ್ಬೇಕು ಅನ್ನಿಸ್ತಿದೆ."

"ಚೋಕ್ ನಾಬ್ ಬರ್ಲಿ ತಡಿ."

ಮತ್ತೊಮ್ಮೆ ಕೇಳಿದಳು. ಮತ್ತೆ ಅದೇ ಉತ್ತರ. ಇಷ್ಟೇಕೆ ಅವಸರ ಎಂದು ಅವನು ಕೇಳಲಿಲ್ಲ. ಆಗಲೇ ಆಕೆ ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿಕೊಳ್ಳುತ್ತಿದ್ದಳು. ಕರೆಗಂಟೆ ಬಾರಿಸಿದವರು ಬಾರಿಸುತ್ತಲೇ ನಿಂತಿರುತ್ತಿದ್ದರು. ಊರವರ ಕಣ್ಣಿನ ಕೂದಲೆಳೆಯಷ್ಟು ದೋಷವನ್ನೂ ಹಿಡಿಯುತ್ತಿದ್ದವನ ಕಣ್ಣಿಗೆ ಮನೆಯೊಳಗಿನ ಇದು ಬೀಳಲೇ ಇಲ್ಲ.

ಬೀಳುವ ಹೊತ್ತಿಗೆ ಆಕೆಯ ಕಿವಿ ಮುಚ್ಚಿಕೊಂಡಿತ್ತು. ಕಿವಿಗೆ ಹಾಕುವ ಯಂತ್ರ ತಂದರು. "ತಗಡಿನ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದ ಹಾಗಿದೆ" ಎಂದು ಆಕೆ ಅದನ್ನು ಡ್ರಾಯರಿಗೆ ಹಾಕಿದಳು. ತುಟಿ ನೋಡಿ ಮಾತು ತಿಳಿದುಕೊಳ್ಳುವುದನ್ನು ಕಲಿತಳು. "ನಿಮ್ಮ ಮೀಸೆ ಅಡ್ಡ ಬರುತ್ತೆ" ಎಂದಾಗ, ಕಾಲೇಜಿನ ದಿನಗಳಿಂದ ಮುದ್ದಿನಿಂದ ಸಾಕಿದ್ದ ಮೀಸೆಯನ್ನು ಅವನು ಅಂದೇ ಬೋಳಿಸಿದ. ಆದರೆ ಎಂಜಿನ್ನಿನ ಸದ್ದನ್ನು ಯಾವ ತುಟಿಯ ಮೇಲೆ ತೋರಿಸುವುದು? ಅದೊಂದು ಸಲ ಅವಳಿಗೆ ಕೇಳಿಸಿದ್ದರೆ ಎಂಬ ಕೊರಗು ಅವನನ್ನು ತಿನ್ನುತ್ತಿತ್ತು.

ಹಾಳಾದ ನಾಬ್ ಈಗ ಬಂತು, ಹತ್ತಿಯಲ್ಲಿ ಸುತ್ತಿಕೊಂಡು, ಮದುಮಗಳ ಹಾಗೆ. ಅವನು ಹಾಕಿದ. ಎಳೆದ. ಕೀಲಿ ತಿರುಗಿಸಿದ. ಎಂಜಿನ್ ಕೆಮ್ಮಿತು, ಸೀನಿತು, ಹತ್ತಿಕೊಂಡಿತು. ಬಿಸಿಯಾದ ಮೇಲೂ ಕುಂಟುತ್ತಲೇ ಇತ್ತು.

"ಗಾಳಿ ಅಳೆಯೋ ಮೀಟರ್ ತರ್ತೀನಿ, ಚಿಟಿಕೆ ಹೊಡೆಯೋದ್ರಲ್ಲಿ ಆಗುತ್ತೆ" ಎಂದ, ಸದ್ದು ಕೇಳಿ ಬಂದಿದ್ದ ವೆಲ್ಡರ್.

"ಬೇಡ ಮಾರಾಯ. ಇವತ್ತು ಬೇಡ."

ವೆಲ್ಡರ್ ಅವನ ಮುಖ ನೋಡಿ ಹೊರಟುಹೋದ.

ಕಿಟಕಿಯಿಂದ ಕಾರು ನಡುಗುವುದನ್ನು ಕಂಡು ಆಕೆ ಇಳಿದು ಬಂದಳು. ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ರಬ್ಬರ್ ಪೈಪನ್ನು ತೆಗೆದು, ಎಂದಿನಂತೆ ಕಿವಿಗಿಟ್ಟಳು. ಮುಂದಿನದಕ್ಕೆ ಹಿಡಿದಳು. ಹಿಂದಿನದಕ್ಕೆ ಹಿಡಿದಳು. ಪೈಪನ್ನು ಮತ್ತೆ ಮೊಳೆಗೆ ತಗುಲಿಸಿದಳು. ಅವನು ಎಂಜಿನ್ ಆರಿಸಿಬಿಡೋಣ ಎಂದು ಕೈ ಚಾಚಿದ.

"ತಡೀರಿ" ಎಂದಳು ಆಕೆ. ಬೆಂಚಿನ ಮೇಲೆ ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರ್ ಇತ್ತು. ಎಂಜಿನ್ನಿನೊಳಗೆ ಏನಾದರೂ ಬಡಿದುಕೊಂಡರೆ ಎಲ್ಲಿ ಎಂದು ಹುಡುಕಲು ಆಗೆಲ್ಲ ಅದನ್ನೇ ಒತ್ತಿ ಹಿಡಿದು ಕೇಳುತ್ತಿದ್ದಳು. ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದಳು. ತುದಿಯನ್ನು ಕಾರ್ಬುರೇಟರಿಗೆ ತಾಗಿಸಿದಳು. ಕಣ್ಣು ಮುಚ್ಚಿದಳು.

"ರೀ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಬರ್ತಿದೆ ರೀ! ಮೂಳೆಯೊಳಗೆ ಬರ್ತಿದೆ! ಹಿಂದಿನದು ಜಾಸ್ತಿ ಎಳೀತಿದೆ!"

ಅವನು ಸ್ಕ್ರೂ ತಿರುಗಿಸಿದ. ಆಕೆ ತುದಿಯನ್ನು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಇಡುತ್ತಾ ಹೋದಳು.

"ಇನ್ನೊಂಚೂರು... ಅಯ್ಯೋ, ಅಷ್ಟಲ್ಲ! ಹಾಂ, ಸಾಕು!"

ಕುಂಟುವುದು ನಿಂತಿತು. ಅವನು ಎಂಜಿನ್ ಆರಿಸಿ, ಆಕೆಯ ಎದುರು ನಿಂತು, ತುಟಿ ಬಿಡಿಸಿ ಬಿಡಿಸಿ ಹೇಳಿದ: "ತಡ ಮಾಡ್ಬಿಟ್ಟೆ ಕಣೇ. ನೀನು ಕೇಳಿದ ದಿನಾನೇ ಸ್ಟಾರ್ಟ್ ಮಾಡ್ಬೇಕಿತ್ತು."

"ಅದು ಗೊತ್ತಿರೋ ವಿಷ್ಯಾನೇ" ಎಂದಳು. ಹಿಡಿ ಇನ್ನೂ ಕಿವಿಯ ಹಿಂದೆಯೇ ಇತ್ತು. ಸ್ಕ್ರೂಡ್ರೈವರಿನ ತುದಿಯನ್ನು ಸೆರಗಿನಿಂದ ಒರೆಸಿ, ಮೆಲ್ಲಗೆ ಅವನ ಗಲ್ಲದ ಮೂಳೆಗೆ ಒತ್ತಿದಳು. "ಕಾರಿನ ಸದ್ದು ಆಯ್ತು. ನಿಮ್ಮ ದನಿ ಕೇಳಿ ಎಷ್ಟು ದಿನ ಆಯ್ತು ಗೊತ್ತಾ? ಮಾತಾಡಿ."

ಏನು ಮಾತಾಡುವುದು?

"ಹಲೋ" ಎಂದ.

ಆಕೆ ಕಣ್ಣು ಮುಚ್ಚಿಕೊಂಡಿದ್ದಳು.

"ನೆಗಡಿ ಅಲ್ಲ" ಎಂದಳು. "ಸಿಟ್ಟೂ ಅಲ್ಲ. ಇನ್ನೊಂದ್ಸಲ ಹೇಳಿ."