ಹಿಂದೆ ಬಿದ್ದು ಮೊದಲು ಬಂದ ಪೆಟ್ಟಿಗೆ

ನಮ್ಮ ನೆಟ್‌ವರ್ಕ್ ಕೊಠಡಿಯ ಪರದೆಯ ಮೇಲೆ ಒಂದೇ ನಿಮಿಷದಲ್ಲಿ ನಾಲ್ಕು ಸಾವಿರ ಅಲಾರಂ ಬಿದ್ದರೂ ನನಗೆ ಆಕಳಿಕೆಯೇ ಬರುತ್ತದೆ. ಅಷ್ಟನ್ನೂ ಜರಡಿ ಹಿಡಿದು, 'ಮೊದಲು ಕೂಗಿದ್ದು ಇದು, ಮಿಕ್ಕವೆಲ್ಲ ಇದರಿಂದಾಗಿ ಕೂಗಿದವು' ಎಂದು ತೋರಿಸುವ ಸೂತ್ರ ಬರೆದವನು ನಾನೇ. ಬರೆದ ದಿನ ಇಡೀ ಕಟ್ಟಡ ಎದ್ದು ನಿಂತು ನನಗೆ ಕೈಮುಗಿಯಿತು ಎಂದರೆ ನೀವು ನಂಬುವುದಿಲ್ಲ, ಬಿಡಿ.

ಆ ವಾರ ಮೂರು ಸಲ ಅರ್ಧ ಊರಿನ ಇಂಟರ್ನೆಟ್ ಸತ್ತಿತು. ಮೂರು ಸಲವೂ ನನ್ನ ಸೂತ್ರ ಬೆರಳು ತೋರಿಸಿದ್ದು, ಮನೆಗಳಿಗೆ ಇಂಟರ್ನೆಟ್ ಹಂಚುವ ರಸ್ತೆಬದಿಯ ಪೆಟ್ಟಿಗೆಗಳಲ್ಲಿ ಏಳನೆಯದರತ್ತ. ಅದಕ್ಕೆ ಹೊಸ ಯಂತ್ರ ಕೂರಿಸಿ ತಂತಿ ಜೋಡಿಸಿದವರು ನನ್ನ ಅಕ್ಕನ ಗಂಡ.

"ನಿಮ್ಮ ಭಾವನ ಕೆಲಸ ಸರಿಯಿಲ್ಲ ಕಣ್ರೀ," ಎಂದರು ನಮ್ಮ ಕೊಠಡಿಯ ಮುಖ್ಯಸ್ಥೆ ಮೇಡಂ, ಪೆನ್ನಿನ ಮುಚ್ಚಳ ತೆಗೆಯುತ್ತ. "ಇವತ್ತೇ ಅವರನ್ನ ಕೆಲಸದಿಂದ ತೆಗೀತೀನಿ. ನಿಮ್ಮ ಸೂತ್ರ ತಪ್ಪಲ್ಲ ತಾನೆ?"

"ಸೂರ್ಯ ದಾರಿ ತಪ್ಪಿದ್ರೂ ಅದು ತಪ್ಪಲ್ಲ ಮೇಡಂ!" ಎಂದುಬಿಟ್ಟೆ. ನಾಲಿಗೆ ನನ್ನದು, ಹೋಗುತ್ತಿದ್ದದ್ದು ಭಾವನ ಹೊಟ್ಟೆಪಾಡು.

ಅಷ್ಟರಲ್ಲಿ ಪೆಟ್ಟಿಗೆಯ ಬಳಿಯಿಂದ ಭಾವನೇ ಫೋನ್ ಮಾಡಿದರು.

"ಏನಪ್ಪಾ ಭಾಮೈದ, ತಂತಿ ಒಂದೊಂದೇ ಎಳೆದು ನೋಡಿದೆ, ಎಲ್ಲಾ ಗಟ್ಟಿಯಾಗಿದೆ. ಆದ್ರೆ ಈ ಯಂತ್ರದ ಗಡಿಯಾರ ಐದು ನಿಮಿಷ ಹಿಂದಿದೆ. ಇದನ್ನ ಇಟ್ಟ ಮಹಾನುಭಾವ ಯಾರು?"

ಆ ಮಹಾನುಭಾವ ನಾನೇ; ಐದು ನಿಮಿಷ ಹಿಂದಿದ್ದ ನನ್ನ ಕೈಗಡಿಯಾರ ನೋಡಿ, ಕೂತಲ್ಲಿಂದಲೇ ಅದಕ್ಕೆ ಸಮಯ ತುಂಬಿದ್ದೆ. ಗಡಿಯಾರ ಹಿಂದಿದ್ದರೆ, ಎಲ್ಲವುಗಳ ಜೊತೆಗೇ ಕೂಗಿದ ಪೆಟ್ಟಿಗೆಯೂ ಐದು ನಿಮಿಷ ಮೊದಲೇ ಕೂಗಿದಂತೆ ದಾಖಲಾಗುತ್ತದೆ. ಈಗಲೂ ಹಾಗೆಯೇ ಅದನ್ನು ಸದ್ದಿಲ್ಲದೆ ಸರಿಪಡಿಸಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಮೇಡಂ ಭಾವನ ಹೆಸರನ್ನು ಅರ್ಧ ಬರೆದಿದ್ದರು.

"ಮೇಡಂ, ನಿಲ್ಲಿಸಿ," ಎಂದೆ. "ಇಷ್ಟು ದೊಡ್ಡ ತಪ್ಪು ಮಾಡೋ ತಾಕತ್ತು ಈ ಭೂಮಿ ಮೇಲೆ ಒಬ್ಬನಿಗೇ ಇರೋದು."

"ಯಾರಿಗೆ?"

"ನನಗೆ."

ಐದು ನಿಮಿಷ ಕೂಡಿಸಿ ಅಲಾರಂಗಳ ಪಟ್ಟಿಯನ್ನು ಮತ್ತೆ ಜೋಡಿಸಿದೆ. ಏಳನೇ ಪೆಟ್ಟಿಗೆಯ ಕೂಗು ಮುನ್ನೂರನೇ ಸಾಲಿನ ಆಚೆ ಹೋಗಿ ಬಿತ್ತು. ಮೊದಲು ಬಂದದ್ದು ಮುಖ್ಯ ಕೇಂದ್ರದ ಹಳೇ ಬ್ಯಾಟರಿ.

ಮೇಡಂ ಕಾಗದ ಹರಿದು ಇನ್ನೊಂದನ್ನು ತೆಗೆದುಕೊಂಡು ನನ್ನ ಹೆಸರು ಬರೆದರು: ಊರಿನ ಅಷ್ಟೂ ಪೆಟ್ಟಿಗೆಗಳ ಗಡಿಯಾರವನ್ನು ಖುದ್ದಾಗಿ ಹೋಗಿ ಪರೀಕ್ಷಿಸಬೇಕು, ಜೊತೆಗೆ ಭಾವ. ಪೆಟ್ಟಿಗೆಗಳು ಒಂದು ಲಕ್ಷವಾದರೂ ಇದ್ದವು. ಭಾವನ ಲೆಕ್ಕದಲ್ಲಿ ಇನ್ನೂರ ಮೂವತ್ತು.

ಮೊದಲ ಪೆಟ್ಟಿಗೆಯ ಬಾಗಿಲು ತೆಗೆದು ಭಾವ ನನ್ನ ಕೈಗೆ ಪುಸ್ತಕ ಕೊಟ್ಟರು.

"ನೀನು ಬರ್ಕೊಂಡ್ರೆ ಸಾಕು. ಗಡಿಯಾರ ಮುಟ್ಟಿದ್ಯೋ, ನಿಮ್ಮಕ್ಕನಿಗೆ ಹೇಳ್ತೀನಿ."