ಗಂಜಿ ಸೆರಗು

ಪ್ಲೇಗು ಇಳಿದ ವರ್ಷ ನನ್ನ ಹೆಂಡತಿ ಗುರುಸಿದ್ದವ್ವನ ಕಣ್ಣ ಸುತ್ತಲಿನ ಚರ್ಮ ಸುಲಿದು ಕೆಂಪಾಯಿತು. ಚಕ್ಕಡಿ ಹೂಡಿಕೊಂಡು ಹುನಗುಂದದ ವೈದ್ಯರ ಬಳಿ ಕರೆದೊಯ್ದೆ.

"ಉಂಗುರ ಬೆರಳಿಲೆ ಸಾವಕಾಶ ಬೆಣ್ಣಿ ಹಚ್ರಿ. ತಿಕ್ಕಬ್ಯಾಡ್ರಿ," ಎಂದರು.

ಹದಿನೈದು ದಿನ ಮಗ್ಗ ಬಿಟ್ಟೆದ್ದು ನಾನೇ ಹಚ್ಚಿದೆ. ಗುಣವಾಗಲೇ ಇಲ್ಲ. ಕೊನೆಗೊಂದು ದಿನ ಕಾರಣ ಕಣ್ಣಿಗೆ ಬಿತ್ತು. ನಾನೇ ನೇಯ್ದುಕೊಟ್ಟ ಹೊಸ ಸೀರೆ, ಗಂಜಿಯಿಂದ ಬಿರುಸಾದ ಸೆರಗು. ಅದರಿಂದಲೇ ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು!

"ತಿಕ್ಕಬ್ಯಾಡಂತ ಎಷ್ಟ ಸಲ ಹೇಳಬೇಕ ನಿನಗ? ಬುದ್ಧಿ ಐತಿಲ್ಲ? ಆ ಸೆರಗ್ಯಾಕ ಕಣ್ಣಿಗೆ ತಿಕ್ಕೋತಿ?" ಎಂದು ಮಗ್ಗದಿಂದಲೇ ಗುಡುಗಿದೆ.

ಅವಳು ಒಲೆಯ ಕಡೆ ತಿರುಗಿ, ಮತ್ತೆ ಅದೇ ಸೆರಗನ್ನು ಕಣ್ಣಿಗೊತ್ತಿಕೊಂಡಳು.

"ನೀವು ಹಿಂಗ ಬೈದಾಗೆಲ್ಲಾ ಬರೂ ನೀರು ಮತ್ತ ಎದರಿಂದ ಒರಸ್ಕೊಳ್ಳಲ್ರಿ?"