ಗೋಡೆಗೇರಿದ ಎದೆಗೂಡು

ಗಂಡನಿಗೆ ಗೋಡೆಯ ಹುಚ್ಚು ಹಿಡಿದಾಗಿನಿಂದ ಆ ಮನೆಯ ನೆಮ್ಮದಿ ಕಾಲಿಗೆ ಬುದ್ಧಿ ಹೇಳಿತ್ತು. ಮೊದಲು ಬೂದು ಬಣ್ಣ ಬಳಿಸಿದ. ಆಮೇಲೆ ಓಡುವ ಕುದುರೆಗಳ ಕ್ಯಾನ್ವಾಸ್ ಬಂತು, ಸೋಫಾಗೆ ಹೊಂದುವುದಿಲ್ಲವೆಂದು ಹೋಯಿತು. ಭೂಮಿಯ ಮೇಲೆ ಯಾವ ಗಿಡವೂ ಬಿಟ್ಟಿರದಂಥ ಎಲೆಗಳ ಚಿತ್ರ ಬಂತು, ಅದೂ ಹೋಯಿತು. ಬುದ್ಧಿಯಿರುವ ಮನುಷ್ಯನೊಬ್ಬ ಸೋಫಾದ ಮರ್ಜಿ ಹಿಡಿದು ಬದುಕುವುದನ್ನು ನೋಡಿ ಹೆಂಡತಿಗೆ ಹೇಸಿಗೆಯಾಗುತ್ತಿತ್ತು. ಆದರೂ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ದಿನವಿಡೀ ನಿಂತು ಬಂದವಳಿಗೆ ಎಲೆಗಳಿಗಾಗಿ ಜಗಳವಾಡುವ ತ್ರಾಣ ಎಲ್ಲಿಂದ ಬರಬೇಕು?

ಶನಿವಾರ ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದಳು. ಸೋಫಾದ ಮೇಲ್ಗಡೆ ಅಪ್ಪ ಕಂಡರು.

ಅಪ್ಪ ಅಂದರೆ ಅಪ್ಪನ ಎದೆಗೂಡು. ಬೀರುವಿನಲ್ಲಿ ಜೋಪಾನವಾಗಿಟ್ಟಿದ್ದ ಎಕ್ಸ್‌ರೇ ಫಿಲ್ಮನ್ನು ಗಂಡ ಕಪ್ಪು ಚೌಕಟ್ಟಿಗೆ ಹಾಕಿ, ಹಿಂದಿನಿಂದ ದೀಪ ಬಿಟ್ಟು ತೂಗುಹಾಕಿದ್ದ.

"ಹೇಗಿದೆ?" ಅಂದ, ಸೊಂಟದ ಮೇಲೆ ಕೈಯಿಟ್ಟು.

"ಅದು ನಮ್ಮಪ್ಪಂದು."

"ಗೊತ್ತು ಕಣೇ. ಹೆಸರಿದ್ದ ಮೂಲೆ ಕತ್ತರಿಸಿದೀನಿ. ಯಾರದ್ದು ಅಂತ ಯಾರಿಗೂ ಗೊತ್ತಾಗಲ್ಲ."

"ಹಿಂದುಮುಂದಾಗಿ ಬೇರೆ ಹಾಕಿದೀರ. ಹೃದಯ ಆ ಕಡೆ ಹೋಗಿದೆ."

"ಬೇಕಂತಲೇ ಹಾಗೆ ಹಾಕಿದ್ದು. ಬೆಳ್ಳಗಿರೋ ಭಾಗ ಕಿಟಕಿ ಕಡೆಗಿದ್ರೆ ಚೆನ್ನಾಗಿ ಕಾಣುತ್ತೆ."

ಆ ಬೆಳ್ಳಗಿನ ಭಾಗವೇ ಅಪ್ಪನನ್ನು ನುಂಗಿದ್ದು. ಫಿಲ್ಮ್ ತೆಗೆದವಳೂ ಅವಳೇ. "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ" ಎಂದಾಗ, ಕೆಮ್ಮು ಉಕ್ಕಿ ಬರುತ್ತಿದ್ದರೂ ಅಪ್ಪ ಮಗಳ ಮಾತು ಮೀರದೆ, ಅವಳು "ಬಿಡಿ" ಅನ್ನುವ ತನಕ ಹಿಡಿದುಕೊಂಡೇ ನಿಂತಿದ್ದರು. ಅದು ಅವರ ಕೊನೆಯ ಚಿತ್ರ. ಈಗ ಅದು ಸೋಫಾಗೆ ಹೊಂದುತ್ತಿತ್ತು.

"ತೆಗೀರಿ ಅದನ್ನ."

"ನಾಳೆ ಅಕ್ಕ ಭಾವ ಬರ್ತಾರೆ, ನಮ್ಮ ಮ್ಯಾನೇಜರು ಬರ್ತಾರೆ. ಗೋಡೆ ಬೋಳು ಬಿಡೋದಾ? ಬರೀ ಒಂದು ಫಿಲ್ಮ್ ಅದು. ಅದಕ್ಯಾಕೆ ಇಷ್ಟೊಂದು?"

ಅವಳು ಅವನ ಮುಖವನ್ನೇ ನೋಡಿದಳು. ಇಂಥವನ ಜೊತೆ ಒಂದೇ ತಟ್ಟೆಯಲ್ಲಿ ಉಂಡಿದ್ದೆನಲ್ಲ ಎಂದು ಅಸಹ್ಯವಾಯಿತು.

"ಗೋಡೆ ಬೋಳಾಗದೆ ಇದ್ರೆ ಸಾಕು ತಾನೆ?" ಎಂದಷ್ಟೇ ಹೇಳಿ ಒಳಗೆ ಹೋದಳು.

ಮರುದಿನ ಗಂಡ ಸ್ನಾನಕ್ಕೆ ಹೋದಾಗ ಅವಳು ಚೌಕಟ್ಟು ಬಿಚ್ಚಿದಳು. ಅಪ್ಪನ ಫಿಲ್ಮನ್ನು ಸೆರಗಿನಿಂದ ಒರೆಸಿ ಬೀರುವಿನಲ್ಲಿಟ್ಟು, ಬೇರೊಂದನ್ನು ತಂದು ತೂರಿಸಿದಳು. ದೀಪ ಆರಿದ್ದರಿಂದ ಅದೂ ಹಿಂದಿನಂತೆಯೇ ಕರ್ರಗೆ ಕಂಡಿತು. ಗಂಡನೋ, ನೆಂಟರೆಲ್ಲ ಚಹಾ ಹಿಡಿದು ಕೂತ ಮೇಲೆಯೇ ಸ್ವಿಚ್ ಒತ್ತಬೇಕೆಂದು ಕಾದಿದ್ದ. ಗೋಡೆಗೆ ಬೆನ್ನು ಮಾಡಿ, ಎಲ್ಲರ ಮುಖ ಅರಳುವುದನ್ನು ನೋಡುತ್ತಾ ಒತ್ತಿದ.

"ಮೋಡ ಕವಿದ ಹಾಗಿದೆ," ಅಂದರು ಭಾವ.

"ಹೊಳೆ ದಡದ ಕಲ್ಲುಗಳು ಇದ್ದಂಗಿವೆ. ಏನೋ ಒಂದು ಶಾಂತಿ ಇದೆ ಇದರಲ್ಲಿ," ಅಂದರು ಮ್ಯಾನೇಜರು, ಬಿಸ್ಕತ್ತು ಅದ್ದುತ್ತಾ.

ಗಂಡ ಉಬ್ಬಿಹೋದ. ಅವನ ಅಕ್ಕ ತಮ್ಮನ ಹೆಂಡತಿಯ ಕಡೆ ತಿರುಗಿ, "ಯಾರ ಕೈಕೆಲಸನೇ ಇದು?" ಅಂದಳು.

"ನಿಮ್ಮ ತಮ್ಮಂದೇ ಅತ್ತಿಗೆ. ಹೋದ ವರ್ಷ ವಾರ ಪೂರ್ತಿ ಹೊಟ್ಟೆ ಕಟ್ಟಿಕೊಂಡಿತ್ತಲ್ಲ, ಆವಾಗ ತೆಗೆದ ಎಕ್ಸ್‌ರೇ. ಮ್ಯಾನೇಜರು ಕಲ್ಲು ಅಂದ್ರಲ್ಲ, ಅದು ಕಲ್ಲಲ್ಲ."

ಮ್ಯಾನೇಜರು ನೆನೆದ ಬಿಸ್ಕತ್ತನ್ನು ಮೆಲ್ಲಗೆ ತಟ್ಟೆಗೆ ವಾಪಸು ಇಟ್ಟರು. ಗಂಡ ತಿರುಗಿ ನೋಡಿದ. ಎಕ್ಸ್‌ರೇ ತೆಗೆದ ದಿನ ಅವಳು ಎಷ್ಟು ಹೇಳಿದರೂ ಅವನು ಪ್ಯಾಂಟು ಬಿಚ್ಚಿರಲಿಲ್ಲ. ಅದರ ಗುಂಡಿ ಕರುಳಿನ ಕೆಳಗೆ ದುಂಡಗೆ ಬೆಳಗುತ್ತಿತ್ತು.

"ತೆಗಿ ಅದನ್ನ," ಎಂದು ಹಲ್ಲು ಕಡಿದ.

"ಯಾಕ್ರಿ? ಬರೀ ಒಂದು ಫಿಲ್ಮ್ ತಾನೆ."

ಅವನು ಚಪ್ಪಲಿ ಕಾಲಲ್ಲೇ ಸೋಫಾ ಹತ್ತಿ ಚೌಕಟ್ಟನ್ನು ಕಿತ್ತು, ಹೊಟ್ಟೆಗೆ ಅವಚಿಕೊಂಡು, ಉಸಿರು ಬಿಗಿಹಿಡಿದು ನಿಂತ. ಅವಳು ಚಹಾದ ಲೋಟಗಳನ್ನು ಎತ್ತಿಕೊಳ್ಳುತ್ತಾ, ಎಕ್ಸ್‌ರೇ ಕೋಣೆಯಲ್ಲಿ ದಿನವೂ ಆಡುವ ದನಿಯಲ್ಲಿ ಹೇಳಿದಳು.

"ಆಯ್ತು, ಇನ್ನು ಉಸಿರು ಬಿಡಿ."